ಪ್ರತಿಕ್ರಿಯೆ: 12 ಗಂಟೆಗೆ ನೆರಳು ಏಕೆ ಅತಿ ಚಿಕ್ಕದಾಗಿರಲಿಲ್ಲ?

ಬೆಂಗಳೂರಿನ ನಿಮ್ಮ ಶಾಲೆಯಲ್ಲಿ ಐದನೇ ತರಗತಿಯ ಮಕ್ಕಳು ನೆಟ್ಟ ಕೋಲಿನ ನೆರಳು 12 ಗಂಟೆಯ ನಂತರವೂ ಕಿರಿದಾಗುತ್ತಲೇ ಹೋಯಿತು, ಪ್ರಯೋಗ ಎಲ್ಲಿ ತಪ್ಪಿತು ಎಂದು ಕೇಳಿದ್ದೀರಿ. ಪ್ರಯೋಗ ತಪ್ಪಿಲ್ಲ, ಮಕ್ಕಳು ಕಂಡದ್ದೇ ಸರಿ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕಾಗುವುದರಿಂದ, ಸೂರ್ಯ ನಮ್ಮ ನೆತ್ತಿಯ ಸಾಲಿಗೆ ಬರುವುದು ಸರಾಸರಿ 20 ನಿಮಿಷ ತಡವಾಗಿ, ಅದೂ ತಿಂಗಳಿಂದ ತಿಂಗಳಿಗೆ ತುಸು ಹಿಂದುಮುಂದಾಗುತ್ತದೆ. ಈ ವ್ಯವಕಲನ, ಗುಣಾಕಾರಗಳನ್ನು ಮಕ್ಕಳಿಂದಲೇ ಮಾಡಿಸಿ. ಉತ್ತರವನ್ನು ಮೊದಲೇ ಹೇಳಿಬಿಡುವ ಆತುರ ನಮ್ಮಂಥ ಶಿಕ್ಷಕರಿಗೆ ಸ್ವಲ್ಪ ಹೆಚ್ಚು.

ಮುಂದಿನ ಬಾರಿ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ನೋಡಿಕೊಂಡು, 11:50ರಿಂದ 12:50ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಸೂರ್ಯನನ್ನು ನೇರವಾಗಿ ನೋಡದಂತೆ ಎಚ್ಚರಿಸಿ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನೆರಳು ಕ್ಷಣಕಾಲ ಕೋಲಿನ ಬುಡದಲ್ಲೇ ಅಡಗುತ್ತದೆ. ಏಪ್ರಿಲ್‌ನದು ಬೇಸಿಗೆ ರಜೆಯ ಪಾಲಾಗುತ್ತದೆ. ಆಗಸ್ಟ್‌ನಲ್ಲಿ ಮೋಡ ಸರಿದರೆ 12:24ರ ಹೊತ್ತಿಗೆ ಅಂಗಳದಲ್ಲಿರಿ.