ಕಿಡ್ನಿ ರಕ್ತವನ್ನು ಹೇಗೆ ಸೋಸುತ್ತದೆ? ಅಮ್ಮನಿಗೆ 62 ವರ್ಷ, ರಿಪೋರ್ಟಿನಲ್ಲಿ ಇಜಿಎಫ್‌ಆರ್ 58 ಬಂದಿದೆ, ಭಯಪಡಬೇಕಾ?

ನಮ್ಮ ಚಿಕ್ಕಮಗಳೂರಿನವರಿಗೆ ಕಾಫಿ ಫಿಲ್ಟರ್ ಗೊತ್ತೇ ಇದೆ ಅಲ್ವಾ? ಅಲ್ಲಿ ಡಿಕಾಕ್ಷನ್ ತಾನಾಗಿ ತೊಟ್ಟಿಕ್ಕುತ್ತದೆ. ಕಿಡ್ನಿಯಲ್ಲಿ ಹಾಗಲ್ಲ, ರಕ್ತದ ಒತ್ತಡವೇ ಸೋಸುವ ಶಕ್ತಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ಪ್ರತಿಯೊಂದೂ ನವಿರಾದ ರಕ್ತನಾಳಗಳ ಗಂಟು. ಒಳಗೆ ಬರುವ ನಾಳ ಅಗಲ, ಹೊರಗೆ ಹೋಗುವುದು ಕಿರಿದು. ಹಾಗಾಗಿ ನಡುವೆ ಒತ್ತಡ ಹೆಚ್ಚಿ ನೀರು, ಉಪ್ಪು, ಯೂರಿಯಾ ಆಚೆ ಬರುತ್ತವೆ. ರಕ್ತಕಣಗಳು, ಪ್ರೋಟೀನು ಒಳಗೇ ಉಳಿಯುತ್ತವೆ. ಹೀಗೆ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ! ಬಹುಪಾಲು ವಾಪಸ್ ರಕ್ತಕ್ಕೆ ಸೇರುತ್ತದೆ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರ.

ಇಜಿಎಫ್‌ಆರ್ ಅಂದರೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂಬ ಅಂದಾಜು. 40 ದಾಟಿದ ಮೇಲೆ ಅದು ನಿಧಾನವಾಗಿ ಇಳಿಯುವುದು ಸಹಜ. ಆದರೆ ಸಕ್ಕರೆ ಕಾಯಿಲೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಜರಡಿಯೇ ಹಾಳಾಗುತ್ತದೆ. ವಾಂತಿಭೇದಿಯಾದಾಗ, ಅಥವಾ ಬಿಸಿಲಲ್ಲಿ ನೀರು ಕುಡಿಯದೆ ಇಡೀ ದಿನ ತೋಟದ ಕೆಲಸ ಮಾಡಿದಾಗ, ಒತ್ತಡ ಕುಸಿದು ಸೋಸುವುದು ಕಡಿಮೆಯಾಗಬಹುದು. ಮೂತ್ರದ ದಾರಿಯಲ್ಲಿ ಕಲ್ಲು ಅಡ್ಡ ಬಂದರೂ ಸೋಸುವುದು ಕಡಿಮೆಯಾಗಬಹುದು.

ಒಂದು ಮಾತು ಒತ್ತಿ ಹೇಳುತ್ತೇನೆ. ಮಂಡಿನೋವಿಗೆ ಅಂಗಡಿಯಿಂದ ಸುಮ್ನೆ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಮಾತ್ರೆಗಳು ಆ ಒಳಬರುವ ನಾಳವನ್ನೇ ಬಿಗಿಯುತ್ತವೆ. ಅಮ್ಮ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ.

ಒಂದೇ ರಿಪೋರ್ಟಿನಿಂದ ತೀರ್ಮಾನ ಬೇಡ. 60ಕ್ಕಿಂತ ಕಡಿಮೆ 3 ತಿಂಗಳಾದರೂ ಹಾಗೇ ಇದ್ದರೆ ದೀರ್ಘಕಾಲದ ತೊಂದರೆ ಎನ್ನುತ್ತಾರೆ. ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದೆಯಾ ನೋಡಿಸಿ.