ಬಿಲ್ಡರ್ ಮೂಲಕ ಸ್ವಂತ ವಿನ್ಯಾಸದ ಮನೆ ಕಟ್ಟಿಸುವಾಗ ಏನನ್ನು ನಿರೀಕ್ಷಿಸಬೇಕು?

ಮೊದಲ ಕೆಲವು ತಿಂಗಳು ನಕ್ಷೆ, ಅನುಮತಿ, ಅಂದಾಜು ಪಟ್ಟಿ ಎಂದು ಕಾಗದದಲ್ಲೇ ಕಳೆಯುತ್ತವೆ. ಬೇಸರಪಡಬೇಡಿ, ಮನೆಯ ಅರ್ಧ ಭಾಗ ನಿಜಕ್ಕೂ ಕಟ್ಟುವುದು ಅಲ್ಲೇ. ಒಪ್ಪಂದದಲ್ಲಿ ‘ಒಳ್ಳೆಯ ಟೈಲ್ಸ್’ ಎಂದಷ್ಟೇ ಇದ್ದರೆ ದಯವಿಟ್ಟು ಸಹಿ ಹಾಕಬೇಡಿ. ಅಳತೆ, ದರ್ಜೆ, ದರ ಮೂರೂ ಇರಲಿ. ಮುಗಿದ ಹಂತಕ್ಕೆ ತಕ್ಕಂತೆ ಹಣ ಕೊಡಿ. ನಡುವೆ ಒಂದು ಕಿಟಕಿಯನ್ನು ಒಂದಡಿ ಸರಿಸಿದರೂ ಲಿಂಟಲ್ (ಕಿಟಕಿಯ ಮೇಲಿನ ಅಡ್ಡ ತೊಲೆ), ವೈರಿಂಗ್, ಗಾರೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಆ ಬದಲಾವಣೆಯ ಬೆಲೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಕಾಂಕ್ರೀಟ್ ಹಾಕಿದ ಮೇಲೆ ಕೆಲಸ ನಿಂತಂತೆ ಕಂಡರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಕನಿಷ್ಠ 7 ದಿನ ಒದ್ದೆಯಾಗಿರಬೇಕು, ಬಲದ ಲೆಕ್ಕ ಹಾಕುವುದು 28ನೇ ದಿನಕ್ಕೆ. ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಪೈಪು, ತಂತಿಗಳ ಫೋಟೊ ತೆಗೆದಿಟ್ಟುಕೊಳ್ಳಿ.