ಬೀದಿ ಹೋರಾಟಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?

ಆಗುತ್ತದೆ, ಆದರೆ ಒಂದು ದಿನದ ಧರಣಿಯಿಂದಲ್ಲ. 2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನ ಪ್ರತಿಭಟನೆಗಳು ಫ್ರೀಡಂ ಪಾರ್ಕ್‌ಗೇ ಸೀಮಿತ. ಬೆಳಿಗ್ಗೆ ಘೋಷಣೆ, ಮಧ್ಯಾಹ್ನ ಅಧಿಕಾರಿಯೊಬ್ಬರು ಬಂದು ಮನವಿ ಪತ್ರ ತೆಗೆದುಕೊಳ್ಳುತ್ತಾರೆ, ಸಂಜೆಗೆ ಎಲ್ಲರೂ ಬಸ್ ಹತ್ತುತ್ತಾರೆ. ಆ ಪತ್ರದ ಬೆನ್ನು ಹತ್ತುವವರಿಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಎಡ ಸಂಘಟನೆಗಳ ಕಾರ್ಯಕರ್ತರು ಬೇಸತ್ತುಹೋಗುವುದು ಇದಕ್ಕೇ.

ಆದರೆ ದೇವನಹಳ್ಳಿ ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು ಮೂರು ವರ್ಷ ಕಳೆದರೂ ಮೇಲೇಳಲಿಲ್ಲ. ದಲಿತ, ಕಾರ್ಮಿಕ, ಎಡ ಸಂಘಟನೆಗಳು ಜೊತೆಗೂಡಿದವು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು.

ಹಾಗಾಗಿ ಒಂದೇ ಸ್ಪಷ್ಟ ಬೇಡಿಕೆ ಇಟ್ಟುಕೊಳ್ಳಿ, ಪಾಳಿಯ ಮೇಲೆ ಕೂರಲು ಊರಿನವರನ್ನೇ ಅಣಿಗೊಳಿಸಿ. ಮಂತ್ರಿಗಳ ಬಾಯಿಮಾತು ಸಾಲದು, ಲಿಖಿತ ಆದೇಶ ಕೈಗೆ ಬಂದ ಮೇಲೆಯೇ ಶಾಮಿಯಾನ ಬಿಚ್ಚಿ.